ಸನದಿಲ್ಲದ ಸರ್ಟಿಫಿಕೇಟು, ಶಾಲೆಯಿಲ್ಲದ ಮಗಳು

ನಮ್ಮ ಪಟ್ಟಣಗಳ ಮುಸ್ಲಿಮ್ ಮೊಹಲ್ಲಾಗಳಲ್ಲಿ ಕೆಲವು ವರ್ಷಗಳಿಂದ ಒಂದು ಉತ್ತರ ಬಹಳ ಚಲಾವಣೆಯಲ್ಲಿದೆ. ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದ ಹುಡುಗಿ ಕಾಲೇಜಿಗೆ ಹೋಗುವುದು ಕಾಣುತ್ತಿಲ್ಲವಲ್ಲ ಎಂದು ವಿಚಾರಿಸಿದರೆ, ತಂದೆ ತಡವರಿಸದೆ ಹೇಳುತ್ತಾರೆ: 'ಅವಳು ಆನ್‌ಲೈನ್‌ನಲ್ಲಿ ಕಲಿಯುತ್ತಿದ್ದಾಳೆ.' ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಸಮಾಧಾನ. ಮಾತು ಅಲ್ಲಿಗೇ ಮುಗಿಯುತ್ತದೆ.

ಆದರೆ ನಾವು ಮಾತನ್ನು ಅಲ್ಲಿಗೆ ಮುಗಿಸದೆ ಮತ್ತೆ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಮಾಡಿಕೊಂಡಿದ್ದೇವೆ. ಯಾವ ಮಂಡಳಿಯಲ್ಲಿ ನೋಂದಣಿಯಾಗಿದೆ? ಪರೀಕ್ಷೆ ಯಾವಾಗ, ಯಾವ ಕೇಂದ್ರದಲ್ಲಿ? ಕಲಿಯಲು ದಿನಕ್ಕೆ ಎಷ್ಟು ಗಂಟೆ ಬಿಡುವು ಕೊಟ್ಟಿದ್ದೀರಿ? ಹೆಚ್ಚಿನ ಕಡೆ ಮೊದಲ ಪ್ರಶ್ನೆಗೇ ಮೌನ ಆವರಿಸುತ್ತದೆ. 'ಅದೆಲ್ಲ ನನಗೆ ಗೊತ್ತಿಲ್ಲ, ಮೊಬೈಲ್‌ನಲ್ಲಿ ಏನೋ ಬರುತ್ತದೆ' ಎನ್ನುತ್ತಾರೆ. ಮಗನನ್ನು ಅಂಗಡಿಗೆ ಕೂರಿಸುವ ಮುನ್ನ ಬಾಡಿಗೆ ಕರಾರನ್ನು ನಾಲ್ಕು ಸಲ ಓದುವ ತಂದೆಗೆ, ಮಗಳು ಯಾವ ಮಂಡಳಿಯ ವಿದ್ಯಾರ್ಥಿನಿ ಎಂಬುದು ಗೊತ್ತಿಲ್ಲ!

ಒಂದು ವಿಷಯವನ್ನು ಆರಂಭದಲ್ಲೇ ಸ್ಪಷ್ಟಪಡಿಸುತ್ತೇವೆ. ನಾವು ಆನ್‌ಲೈನ್ ಕಲಿಕೆಯ ವಿರೋಧಿಗಳಲ್ಲ. ಈ ಸಾಲುಗಳನ್ನು ಬರೆಯುವ ನಾವೇ ಮದ್ರಸದ ಚಾಪೆಯಿಂದ ಎದ್ದು ಬಂದವರು. ಹಲವು ವರ್ಷಗಳ ಕಲಿಕೆಯ ಸನದನ್ನು ಕೈಯಲ್ಲಿ ಹಿಡಿದು ಒಂದು ಕಾಲೇಜಿನ ಬಾಗಿಲಿಗೆ ಹೋದಾಗ, ಅಲ್ಲಿನ ಗುಮಾಸ್ತ ಅದನ್ನು ತಿರುಗಿಸಿ ಮುರುಗಿಸಿ ನೋಡಿ, 'ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎಲ್ಲಿ?' ಎಂದು ಕೇಳಿದ್ದು ನಮಗೆ ಇನ್ನೂ ನೆನಪಿದೆ. ಆಗ ನಮ್ಮ ಕೈ ಹಿಡಿದದ್ದು ಮುಕ್ತ ಶಾಲೆ. ಅದಿಲ್ಲದಿದ್ದರೆ ಪದವಿ ತರಗತಿಯ ಮೆಟ್ಟಿಲನ್ನು ನಾವು ಹತ್ತುತ್ತಿರಲಿಲ್ಲ. ಆದ್ದರಿಂದ ಈ ಬಾಗಿಲಿನ ಬೆಲೆ ಏನೆಂದು ನಮಗೆ ಗೊತ್ತು. ಬೆಲೆ ಗೊತ್ತಿರುವುದರಿಂದಲೇ ಅದರ ದುರ್ಬಳಕೆಯನ್ನು ಕಂಡು ಸುಮ್ಮನಿರಲು ಆಗುತ್ತಿಲ್ಲ.

ಈ ಬಾಗಿಲು ಯಾವುದು ಎಂಬುದನ್ನು ಮೊದಲು ತಿಳಿಯೋಣ. 1979ರಲ್ಲಿ ಸಿಬಿಎಸ್‌ಇ ಒಂದು ಸಣ್ಣ ಯೋಜನೆಯಾಗಿ ಮುಕ್ತ ಶಾಲೆಯನ್ನು ಆರಂಭಿಸಿತು. 1989ರಲ್ಲಿ ಅದು ರಾಷ್ಟ್ರೀಯ ಮುಕ್ತ ಶಾಲೆ ಎಂಬ ಸ್ವಾಯತ್ತ ಸಂಸ್ಥೆಯಾಯಿತು. 1990ರಲ್ಲಿ ಪರೀಕ್ಷೆ ನಡೆಸಿ ಪ್ರಮಾಣಪತ್ರ ನೀಡುವ ಅಧಿಕಾರವನ್ನು ಕೇಂದ್ರ ಸರಕಾರ ಅದಕ್ಕೆ ಕೊಟ್ಟಿತು. 2002ರಲ್ಲಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್ ಎಂಬ ಹೆಸರು ಬಂತು. ಹದಿನಾಲ್ಕು ವರ್ಷ ತುಂಬಿದವರು ಅಲ್ಲಿ ಹತ್ತನೇ ತರಗತಿಗೆ ಸೇರಬಹುದು. ಒಮ್ಮೆ ಸೇರಿದರೆ ಐದು ವರ್ಷ ಕಾಲಾವಕಾಶವಿದೆ. ಆ ಅವಧಿಯಲ್ಲಿ ಒಂಬತ್ತು ಬಾರಿ ಪರೀಕ್ಷೆಗೆ ಕೂರಬಹುದು. ಐದು ವಿಷಯಗಳನ್ನು ಒಂದೇ ಸಲ ಮುಗಿಸಬೇಕೆಂದಿಲ್ಲ. ಈ ಸಲ ಎರಡು, ಮುಂದಿನ ಸಲ ಮೂರು ಎಂದು ಹಂಚಿಕೊಳ್ಳಬಹುದು. ಬೇರೆ ಮಾನ್ಯ ಮಂಡಳಿಯಲ್ಲಿ ಕೆಲವು ವಿಷಯಗಳಲ್ಲಿ ಮಾತ್ರ ತೇರ್ಗಡೆಯಾಗಿ ಉಳಿದವುಗಳಲ್ಲಿ ಬಿದ್ದವರು, ಗೆದ್ದ ಎರಡು ವಿಷಯಗಳ ಅಂಕಗಳನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಉರ್ದು ಮಾಧ್ಯಮವಿದೆ, ಅರಬಿ ಒಂದು ವಿಷಯವಾಗಿದೆ. ಪ್ರವೇಶಕ್ಕೆ ಆನ್‌ಲೈನ್ ವ್ಯವಸ್ಥೆಯಿದೆ. 2017ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಸ್ವಯಂ ವೇದಿಕೆಯಲ್ಲಿ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗಿನ ಪಾಠಗಳನ್ನು ಒದಗಿಸುವವರಲ್ಲಿ ಈ ಸಂಸ್ಥೆಯೂ ಒಂದು. 2021ರ ಆಗಸ್ಟ್‌ನಲ್ಲಿ ಅದರ ವರ್ಚುವಲ್ ಶಾಲೆಯೂ ಆರಂಭವಾಯಿತು. ಮರುವರ್ಷ ದಿಲ್ಲಿ ಸರಕಾರ ತನ್ನದೊಂದು ವರ್ಚುವಲ್ ಶಾಲೆ ತೆರೆದು, ದೇಶದಲ್ಲೇ ಮೊದಲನೆಯದೆಂದು ಹೇಳಿಕೊಂಡಾಗ, ಮೊದಲನೆಯವರು ನಾವು ಎಂದು ಎನ್‌ಐಒಎಸ್ ಪ್ರತಿವಾದ ಹೂಡಿತ್ತು.

ಈ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ ಎಂದು ಮೂಗು ಮುರಿಯುವವರೂ ನಮ್ಮಲ್ಲಿದ್ದಾರೆ. ಅವರು ತಿಳಿದಿರಲಿ: ಮುಕ್ತ ಶಾಲೆಯ ವಿದ್ಯಾರ್ಥಿಗಳನ್ನು ವೈದ್ಯಕೀಯ ಪ್ರವೇಶ ಪರೀಕ್ಷೆಯಿಂದ ದೂರವಿಟ್ಟಿದ್ದ ನಿಯಮವನ್ನು 2018ರಲ್ಲಿ ದಿಲ್ಲಿ ಹೈಕೋರ್ಟ್ ರದ್ದುಪಡಿಸಿತು. 2024ರಲ್ಲಿ ಸುಪ್ರೀಂ ಕೋರ್ಟ್‌ನಲ್ಲೂ ಆ ವಿದ್ಯಾರ್ಥಿಗಳಿಗೆ ನೀಟ್ ಬಾಗಿಲು ತೆರೆದೇ ಉಳಿಯಿತು. ಅಂದರೆ ಕಾನೂನಿನ ದೃಷ್ಟಿಯಲ್ಲಿ ಈ ದಾರಿ ಹಿತ್ತಿಲ ದಾರಿಯಲ್ಲ.

ಇಂತಹ ದಾರಿಯ ಅಗತ್ಯ ಅತಿ ಹೆಚ್ಚು ಇರುವುದು ಯಾರಿಗೆ? 2006ರ ಸಾಚಾರ್ ವರದಿಯನ್ನು ನಾವು ವೇದಿಕೆಗಳಲ್ಲಿ ನೂರು ಸಲ ಉದ್ಧರಿಸಿದ್ದೇವೆ. ಆರರಿಂದ ಹದಿನಾಲ್ಕು ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮುಖ ಕಂಡಿಲ್ಲ, ಇಲ್ಲವೇ ನಡುವೆ ಬಿಟ್ಟಿದ್ದಾರೆ ಎಂದು ಆ ವರದಿ ಹೇಳಿತ್ತು. ಅಂದು ಹತ್ತು ವರ್ಷದವರಾಗಿದ್ದ ಆ ಮಕ್ಕಳು ಇಂದು ಮೂವತ್ತು ದಾಟಿದ ತಂದೆತಾಯಂದಿರು. ಗ್ಯಾರೇಜಿನಲ್ಲಿ, ಬೇಕರಿಯಲ್ಲಿ, ಮೀನಿನ ಬಂದರಿನಲ್ಲಿ ದುಡಿಯುತ್ತಿರುವ ಅವರಿಗೆ ಹತ್ತನೇ ತರಗತಿಯ ಒಂದು ಪ್ರಮಾಣಪತ್ರವಿಲ್ಲದೆ ಎಷ್ಟೋ ಸಣ್ಣ ಸರಕಾರಿ ಹುದ್ದೆಗಳಿಗೆ ಅರ್ಜಿ ಹಾಕುವ ಅರ್ಹತೆಯೂ ಇಲ್ಲ. ಮದ್ರಸಗಳಲ್ಲಿ ಕಲಿಯುವ ಹುಡುಗರ ಪಾಡೂ ಇದೇ. 2021ರಲ್ಲಿ ಜಮೀಅತ್ ಉಲಮಾಎ ಹಿಂದ್ ಮದ್ರಸ ವಿದ್ಯಾರ್ಥಿಗಳಿಗಾಗಿಯೇ ಎನ್‌ಐಒಎಸ್ ಮೂಲಕ ಹತ್ತನೇ ತರಗತಿ ಓದಿಸುವ ಯೋಜನೆಗೆ ಕೈ ಹಾಕಿತು. ಉಲಮಾಗಳ ಸಂಘಟನೆಯೊಂದು ಮಾಡಿದ ಈ ಕೆಲಸ ನಮ್ಮ ಊರಿನ ಮದ್ರಸ ಕಮಿಟಿಗಳ ಕಣ್ಣಿಗೆ ಇನ್ನೂ ಯಾಕೆ ಬಿದ್ದಿಲ್ಲ? ಹುಡುಗ ಹಾಫಿಝ್ ಆಗುವ ಹೊತ್ತಿಗೆ ಹತ್ತನೇ ತರಗತಿಯನ್ನೂ ಮುಗಿಸಬಹುದಾದ ದಾರಿ ಇರುವಾಗ ಅವನನ್ನು ಬರಿಗೈಯಲ್ಲಿ ಹೊರಗೆ ಕಳುಹಿಸುವುದು ದೀನಿನ ಸೇವೆಯಂತೂ ಅಲ್ಲ.

ಇನ್ನು ಹೆಣ್ಣುಮಕ್ಕಳ ವಿಷಯ. 2022ರ ಫೆಬ್ರವರಿ 5ರಂದು ಅಂದಿನ ರಾಜ್ಯ ಸರಕಾರ ಹೊರಡಿಸಿದ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು, ಇವೆಲ್ಲ ನಮ್ಮ ಮನೆಗಳ ಗೋಡೆಯ ಮೇಲೆ ಬರೆದಿಟ್ಟ ದಿನಾಂಕಗಳಂತೆ ಉಳಿದಿವೆ. ಕಾಲೇಜಿನ ಗೇಟಿನ ಹೊರಗೆ ನಿಂತ ಮಕ್ಕಳನ್ನು ನಾವು ಕಂಡಿದ್ದೇವೆ. ಅವರಲ್ಲಿ ಕೆಲವರು ಮುಕ್ತ ಶಾಲೆಗೆ, ದೂರ ಶಿಕ್ಷಣಕ್ಕೆ ಹೆಸರು ಕೊಟ್ಟರು. ಆ ಮಕ್ಕಳ ಛಲಕ್ಕೆ ನಮ್ಮ ಸಲಾಮ್. ಗೇಟು ಮುಚ್ಚಿದವನ ಎದುರು ಪುಸ್ತಕ ಮುಚ್ಚದೆ ಉಳಿದವರು ಅವರು.

ದುರಂತವೇನೆಂದರೆ, ಅವರು ತುಳಿದ ದಾರಿಯನ್ನು ಇಂದು ಇಬ್ಬರು ತಮ್ಮ ಅನುಕೂಲಕ್ಕೆ ಬಳಸುತ್ತಿದ್ದಾರೆ. ಒಬ್ಬರು, ಗೇಟು ಮುಚ್ಚಿದವರು. 'ಅವರಿಗೆ ಆನ್‌ಲೈನ್ ಇದೆಯಲ್ಲ, ಮುಕ್ತ ಶಾಲೆ ಇದೆಯಲ್ಲ' ಎನ್ನುತ್ತಾರೆ. ತೆರಿಗೆದಾರರ ಹಣದಲ್ಲಿ ಕಟ್ಟಿದ ಕಾಲೇಜಿನ ತರಗತಿ, ಪ್ರಯೋಗಾಲಯ, ಗ್ರಂಥಾಲಯಗಳ ಮೇಲೆ ಒಬ್ಬ ಪ್ರಜೆಗಿರುವ ಹಕ್ಕನ್ನು ಒಂದು ಮೊಬೈಲ್ ತೋರಿಸಿ ತೀರಿಸಿಬಿಡಬಹುದು ಎಂಬ ಧೋರಣೆಯಿದು. ಮುಕ್ತ ಶಾಲೆಯನ್ನು ಸ್ಥಾಪಿಸಿದ್ದು ಶಾಲೆ ತಪ್ಪಿದವರನ್ನು ಒಳಗೆ ಕರೆದುಕೊಳ್ಳಲು. ಶಾಲೆಯಲ್ಲಿರುವವರನ್ನು ಹೊರಗೆ ಕಳುಹಿಸಲು ಅಲ್ಲ. ಈ ವಾದವನ್ನು ನಾವು ಒಪ್ಪುವುದಿಲ್ಲ, ಒಪ್ಪಬಾರದು.

ಆದರೆ ಇನ್ನೊಬ್ಬರು ಯಾರು? ಅವರು ನಮ್ಮವರೇ. ಅವರ ಬಾಯಲ್ಲೂ ಅದೇ ವಾಕ್ಯ: 'ಆನ್‌ಲೈನ್ ಇದೆಯಲ್ಲ!' ಮಗಳನ್ನು ಕಾಲೇಜಿಗೆ ಕಳುಹಿಸುವ ಮನಸ್ಸು 2022ಕ್ಕೆ ಮೊದಲೂ ಇವರಿಗಿರಲಿಲ್ಲ. ಆಗ ನೆಪ ಬೇರೆ ಇತ್ತು. ಬಸ್ಸು ಸರಿಯಿಲ್ಲ, ಕಾಲ ಕೆಟ್ಟಿದೆ, ಹೆಚ್ಚು ಓದಿದರೆ ವರ ಸಿಗುವುದಿಲ್ಲ ಎನ್ನುತ್ತಿದ್ದರು. ಈಗ ಹೊಸ ನೆಪ ಸಿಕ್ಕಿದೆ, ಅದೂ ಆಧುನಿಕ ಹೆಸರಿನ ನೆಪ. ನಮ್ಮ ಹೆಣ್ಣುಮಕ್ಕಳ ಶಿಕ್ಷಣವನ್ನು ಕಿತ್ತುಕೊಂಡರೆಂದು ಬೀದಿಯಲ್ಲಿ ಘೋಷಣೆ ಕೂಗಿದ ಕೈಗಳೇ ಮನೆಯೊಳಗೆ ಅದೇ ಕೆಲಸ ಮಾಡಿದರೆ ಅದನ್ನು ಏನೆಂದು ಕರೆಯಬೇಕು? ಸರಕಾರ ಮಾಡಿದರೆ ಅನ್ಯಾಯ, ತಂದೆ ಮಾಡಿದರೆ ಮರ್ಯಾದೆ ಎಂಬ ಎರಡು ತಕ್ಕಡಿಗಳನ್ನು ಇಸ್ಲಾಮ್ ನಮಗೆ ಕಲಿಸಿಲ್ಲ.

ಮನೆಯಲ್ಲಿ ನಡೆಯುವುದೇನು ಎಂಬುದನ್ನು ಸ್ವಲ್ಪ ನೋಡಿ. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ನಾವೆಲ್ಲ ಕಂಡ ದೃಶ್ಯವಿದು: ಮನೆಗೊಂದು ಸ್ಮಾರ್ಟ್‌ಫೋನು, ಅದು ಮೊದಲು ತಂದೆಗೆ, ಆಮೇಲೆ ಗಂಡುಮಗನಿಗೆ, ಉಳಿದ ಚಾರ್ಜಿನಲ್ಲಿ ಹೆಣ್ಣುಮಗಳಿಗೆ. ಶಾಲೆಯ ಗಂಟೆ ಬಡಿದರೆ ಅಡುಗೆಮನೆ ಅವಳನ್ನು ಬಿಟ್ಟುಕೊಡುತ್ತಿತ್ತು. ಮೊಬೈಲಿನ ಗಂಟೆಗೆ ಅಂತಹ ಅಧಿಕಾರವಿಲ್ಲ. ಪಾಠ ನಡೆಯುತ್ತಿರುವಾಗಲೇ 'ಸ್ವಲ್ಪ ರೊಟ್ಟಿ ತಟ್ಟು', 'ಮಗುವನ್ನು ಎತ್ತಿಕೋ', 'ಅತಿಥಿಗಳು ಬಂದರು' ಎಂಬ ಕರೆಗಳು. ಎರಡು ತಿಂಗಳಲ್ಲಿ ಪಾಠ ನಿಲ್ಲುತ್ತದೆ. ಆದರೆ 'ಆನ್‌ಲೈನ್‌ನಲ್ಲಿ ಕಲಿಯುತ್ತಿದ್ದಾಳೆ' ಎಂಬ ಮಾತು ನಿಲ್ಲುವುದಿಲ್ಲ. ಅದು ನಿಲ್ಲುವುದು ನಿಕಾಹ್‌ನ ಆಮಂತ್ರಣ ಪತ್ರ ಅಚ್ಚಾದಾಗ.

ವಿಜ್ಞಾನ ಓದಬೇಕಾದವಳ ಕಷ್ಟ ಇನ್ನೂ ದೊಡ್ಡದು. ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಗೆ ಅಧ್ಯಯನ ಕೇಂದ್ರಕ್ಕೆ ಹೋಗಲೇಬೇಕು. ಪರದೆಯ ಮೇಲೆ ನೋಡಿದ ಪ್ರಯೋಗವನ್ನು ಕೈಯಿಂದ ಮಾಡಿ ಗೊತ್ತಿಲ್ಲದ ಹುಡುಗಿ ಅಲ್ಲಿ ಏನು ಮಾಡಿಯಾಳು? ಸಹಪಾಠಿಗಳೊಂದಿಗೆ ಚರ್ಚಿಸುವುದು, ತಪ್ಪು ಮಾಡಿ ತಿದ್ದಿಸಿಕೊಳ್ಳುವುದು, ಬೇರೆ ಧರ್ಮದ ಗೆಳತಿಯ ಬುತ್ತಿ ಹಂಚಿಕೊಳ್ಳುವುದು, ಇವೂ ಶಿಕ್ಷಣವೇ. ತರಗತಿಗೆ ಹೋಗುವ ಅವಕಾಶ ಇರುವ ಮಗುವಿನಿಂದ ಇವನ್ನೆಲ್ಲ ಕಸಿದುಕೊಳ್ಳಲು ನಮಗೆ ಹಕ್ಕು ಕೊಟ್ಟವರು ಯಾರು?

ಪರದೆಯ ಮಾತು ಬಂತು. ಹೆಣ್ಣಿನ ಪರದೆಯ ಹೆಸರಿನಲ್ಲಿ ಶಾಲೆ ಬಿಡಿಸುವವರಿಗೆ ನಾವು ಒಂದು ಸಂಗತಿಯನ್ನು ನೆನಪಿಸಲು ಬಯಸುತ್ತೇವೆ. ಹ. ಆಯಿಶಾ(ರ) ಪರದೆಯ ಆಚೆಯಿಂದ ಪಾಠ ಹೇಳುತ್ತಿದ್ದರು. ಅವರಿಂದ ಹದೀಸ್ ಕಲಿಯಲು, ಸಂಶಯ ಪರಿಹರಿಸಿಕೊಳ್ಳಲು ದೊಡ್ಡ ದೊಡ್ಡ ವಿದ್ವಾಂಸರು ಬಂದು ಕುಳಿತುಕೊಳ್ಳುತ್ತಿದ್ದರು. ಎರಡು ಸಾವಿರಕ್ಕೂ ಮಿಕ್ಕಿದ ಹದೀಸ್‌ಗಳು ಅವರ ಮೂಲಕ ನಮಗೆ ತಲುಪಿವೆ. ಆ ಪರದೆ ಜ್ಞಾನವನ್ನು ತಡೆಯಲಿಲ್ಲ. ಇಂದು ನಾವು ಎಳೆಯುತ್ತಿರುವ ಪರದೆಯ ಹಿಂದೆ ಜ್ಞಾನವಿದೆಯೋ, ಬರೀ ಒಲೆಯಿದೆಯೋ? ಪ್ರತಿಯೊಬ್ಬ ತಂದೆ ತನ್ನ ಮನೆಯೊಳಗೆ ಹೋಗಿ ನೋಡಿ ಉತ್ತರಿಸಲಿ.

ಈ ನೆಪದ ಜೊತೆಗೇ ಬೆಳೆದಿರುವ ಇನ್ನೊಂದು ಪಿಡುಗು, ಸನದಿಲ್ಲದ ಸರ್ಟಿಫಿಕೇಟುಗಳದ್ದು. 'ಪರೀಕ್ಷೆ ಬೇಡ, ತಿರುಗಾಟ ಬೇಡ, ಮೂರು ತಿಂಗಳಲ್ಲಿ ಹನ್ನೆರಡನೇ ತರಗತಿ ಗ್ಯಾರಂಟಿ' ಎನ್ನುವವರು ಊರೂರಲ್ಲಿ ಹುಟ್ಟಿಕೊಂಡಿದ್ದಾರೆ. ಗಲ್ಫ್‌ಗೆ ಹೊರಟ ಯುವಕರು, ಮಗಳಿಗೆ 'ಒಂದು ಸರ್ಟಿಫಿಕೇಟು ಇದ್ದರೆ ಸಾಕು' ಎನ್ನುವ ತಂದೆಯರು ಇವರ ಗಿರಾಕಿಗಳು.

ಈ ವ್ಯಾಪಾರ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಜಗತ್ತಿನ ಮುಂದೆ ಉದಾಹರಣೆಯಿದೆ. ಬೆಲ್‌ಫೋರ್ಡ್ ಹೈಸ್ಕೂಲ್ ಎಂಬ ಹೆಸರಿನ ಆನ್‌ಲೈನ್ ಶಾಲೆಯೊಂದು ಅಮೆರಿಕದಲ್ಲಿ ಹೈಸ್ಕೂಲ್ ಡಿಪ್ಲೊಮಾ ಮಾರುತ್ತಿತ್ತು. ತನಗೆ ಮಾನ್ಯತೆ ಇದೆ ಎಂದು ಅದು ಹೇಳಿಕೊಂಡಿತ್ತು. ಮಾನ್ಯತೆ ಕೊಟ್ಟವೆಂದು ಹೇಳಲಾದ ಸಂಸ್ಥೆಗಳೂ ನಕಲಿಯಾಗಿದ್ದವು. ಅದನ್ನು ನಂಬಿ ಹಣ ಕಟ್ಟಿದವರ ಡಿಪ್ಲೊಮಾವನ್ನು ಕಾಲೇಜು ಸ್ವೀಕರಿಸದಿದ್ದಾಗ ಅವರು ನ್ಯಾಯಾಲಯಕ್ಕೆ ಹೋದರು. 2012ರಲ್ಲಿ ಮಿಷಿಗನ್‌ನ ಫೆಡರಲ್ ನ್ಯಾಯಾಲಯ ವಿದ್ಯಾರ್ಥಿಗಳಿಗೆ 2.27 ಕೋಟಿ ಡಾಲರ್ ಪರಿಹಾರ ನೀಡಬೇಕೆಂದು ತೀರ್ಪಿತ್ತಿತು. 2015ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಇದರ ಬೇರನ್ನು ಹುಡುಕುತ್ತಾ ಕರಾಚಿಯ ಆಕ್ಸಾಕ್ಟ್ ಎಂಬ ಕಂಪೆನಿಯನ್ನು ತಲುಪಿತು. ನೂರಾರು ಕಾಲ್ಪನಿಕ ಶಾಲೆ, ವಿಶ್ವವಿದ್ಯಾನಿಲಯಗಳ ಹೆಸರಿನಲ್ಲಿ ಅಲ್ಲಿಂದ ಜಗತ್ತಿಗೆಲ್ಲ ಕಾಗದ ಮಾರಾಟವಾಗುತ್ತಿತ್ತು ಎಂದು ಅದು ವರದಿ ಮಾಡಿತು. ಕೊಂಡವರಲ್ಲಿ ಗಲ್ಫ್ ದೇಶಗಳಲ್ಲಿ ದುಡಿಯುವವರೂ ಇದ್ದರು.

ಅಮೆರಿಕದಲ್ಲಿ ಶಾಲೆಗಳಿಗೆ ಮಾನ್ಯತೆ ಕೊಡುವುದು ಅಲ್ಲಿನ ಕೇಂದ್ರ ಸರಕಾರವಲ್ಲ. ಆ ಕೆಲಸವನ್ನು ಕಾಗ್ನಿಯಾದಂತಹ ಸರಕಾರೇತರ ಸಂಸ್ಥೆಗಳು ಮಾಡುತ್ತವೆ. ಹಾಗಾಗಿ ಅಂತಹುದೇ ಒಂದು ಹೆಸರಿನ ಫಲಕ ತೂಗುಹಾಕಿ 'ನಾವೂ ಮಾನ್ಯತೆ ಕೊಡುವವರು' ಎನ್ನಲು ಕಳ್ಳನಿಗೆ ಕಷ್ಟವಾಗಲಿಲ್ಲ. ಇಲ್ಲಿ ಮದ್ರಸದಲ್ಲಿ ಕಲಿತ ಯಾರಿಗಾದರೂ ಒಂದು ವಿಷಯ ಹೊಳೆಯಬೇಕು. ಹದೀಸ್ ಒಂದನ್ನು ಯಾರಾದರೂ ಹೇಳಿದರೆ ನಮ್ಮ ಉಸ್ತಾದರು ಮೊದಲು ಕೇಳುತ್ತಿದ್ದುದೇನು? ಇದರ ಸನದ್ ಯಾವುದು? ಯಾರಿಂದ ಯಾರು ಕೇಳಿದರು? ಮಾತು ಎಷ್ಟೇ ಚೆಂದವಿದ್ದರೂ ಸರಪಳಿಯಲ್ಲಿ ಒಬ್ಬ ಅಜ್ಞಾತ ವ್ಯಕ್ತಿ ಇದ್ದರೆ ಅದು ದುರ್ಬಲವಾಗುತ್ತಿತ್ತು. ಒಂದೊಂದು ಹದೀಸ್‌ನ ಪರಿಶೀಲನೆಗಾಗಿ ತಿಂಗಳುಗಟ್ಟಲೆ ಪ್ರಯಾಣ ಮಾಡಿದ ವಿದ್ವಾಂಸರ ಪರಂಪರೆ ನಮ್ಮದು. ಮಾನ್ಯತೆ ಎಂದರೆ ಇಂದಿನ ಭಾಷೆಯ ಸನದೇ. ಸರ್ಟಿಫಿಕೇಟು ಕೊಟ್ಟವರು ಯಾರು? ಅವರಿಗೆ ಆ ಅಧಿಕಾರ ಕೊಟ್ಟವರು ಯಾರು? ಅಧಿಕಾರ ಕೊಟ್ಟವರನ್ನು ಬಲ್ಲವರು ಯಾರು? ಸನದನ್ನು ಕೇಳುವ ವಿದ್ಯೆಯನ್ನು ಜಗತ್ತಿಗೆ ಕಲಿಸಿದ ಸಮುದಾಯ ಇಂದು ಮಕ್ಕಳ ಭವಿಷ್ಯದ ಕಾಗದವನ್ನು ಸನದು ಕೇಳದೆ ಕೊಳ್ಳುತ್ತಿದೆ. ಇದಕ್ಕಿಂತ ದೊಡ್ಡ ಅಣಕ ಇನ್ನೇನಿದೆ?

ಪರಿಶೀಲನೆ ಕಷ್ಟದ ಕೆಲಸವೇನಲ್ಲ. ಮೊದಲನೆಯದಾಗಿ, ಅಂಕಪಟ್ಟಿಯ ಮೇಲೆ ಯಾವ ಮಂಡಳಿಯ ಹೆಸರು ಬರುತ್ತದೆ ಎಂದು ಕೇಳಿ. ಟ್ಯೂಷನ್ ಕೇಂದ್ರದ ಹೆಸರು, ಆ್ಯಪ್‌ನ ಹೆಸರು ಉತ್ತರವಾಗುವುದಿಲ್ಲ. ಪಾಠ ಹೇಳುವವರೇ ಬೇರೆ, ಪ್ರಮಾಣಪತ್ರ ಕೊಡುವವರೇ ಬೇರೆ. ಎರಡನೆಯದಾಗಿ, ಪರೀಕ್ಷೆ ಎಲ್ಲಿ ಎಂದು ಕೇಳಿ. ಎನ್‌ಐಒಎಸ್‌ನ ಪಾಠ ಮನೆಯಲ್ಲಿರಬಹುದು, ಸಾರ್ವಜನಿಕ ಪರೀಕ್ಷೆ ಮಾತ್ರ ಕೇಂದ್ರದಲ್ಲೇ ನಡೆಯುತ್ತದೆ. ಪರೀಕ್ಷೆಯೇ ಇಲ್ಲ ಎಂದವನ ಅಂಗಡಿಯಿಂದ ಕಾಲು ಹಿಂದೆಗೆಯಿರಿ. ಮೂರನೆಯದಾಗಿ, ಮಗು ಮುಂದೆ ಸೇರಬೇಕಾದ ಕಾಲೇಜಿಗೇ ಹೋಗಿ, ಈ ಪ್ರಮಾಣಪತ್ರವನ್ನು ಒಪ್ಪುತ್ತೀರಾ ಎಂದು ವಿಚಾರಿಸಿ. ವಿದೇಶಿ ಮಂಡಳಿಯಾದರೆ ನಮ್ಮ ದೇಶದಲ್ಲಿ ಅದಕ್ಕೆ ಸಮಾನತೆ ಸಿಗುತ್ತದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲು ತಿಳಿದುಕೊಳ್ಳಿ. ಕಟ್ಟಿದ ಮೇಲೆ ತಿಳಿದು ಪ್ರಯೋಜನವಿಲ್ಲ.

ಹಾಗಾದರೆ ನಾವು ಹೇಳುವುದೇನು? ಶಾಲೆ, ಕಾಲೇಜಿಗೆ ಹೋಗಬಲ್ಲ ಮಗು ಅಲ್ಲಿಗೇ ಹೋಗಲಿ. ಹೋಗಲಾಗದ ಮಗುವಿಗೆ, ಬಿಟ್ಟುಹೋದ ಯುವಕನಿಗೆ, ಮದುವೆಯಾಗಿ ಓದು ನಿಂತ ಹೆಣ್ಣಿಗೆ ಮುಕ್ತ ಶಾಲೆಯ ಬಾಗಿಲನ್ನು ಜಮಾಅತ್ ತಾನೇ ಮುಂದೆ ನಿಂತು ತೆರೆಸಲಿ. ಮಸೀದಿಯ ನವೀಕರಣಕ್ಕೆ, ಮಿನಾರದ ಬಣ್ಣಕ್ಕೆ ಹಣ ಸಂಗ್ರಹಿಸಲು ತಿಳಿದಿರುವ ನಮಗೆ, ಮದ್ರಸದ ಒಂದು ಕೋಣೆಯಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟು, ಅಸರ್‌ನಿಂದ ಮಗ್ರಿಬ್‌ವರೆಗೆ ಹೆಣ್ಣುಮಕ್ಕಳಿಗೆ, ಇಶಾದ ಬಳಿಕ ದುಡಿಯುವ ಹುಡುಗರಿಗೆ ಬಿಟ್ಟುಕೊಡುವುದು ಅಸಾಧ್ಯವೇ? ಊರಿನ ನಿವೃತ್ತ ಶಿಕ್ಷಕರೊಬ್ಬರನ್ನು ಕೂರಿಸಿ, ಯಾರ ಪ್ರವೇಶ ಆಗಿದೆ, ಯಾರ ಅಸೈನ್‌ಮೆಂಟ್ ಬಾಕಿ ಇದೆ, ಯಾರ ಪರೀಕ್ಷೆ ಯಾವ ದಿನ ಎಂದು ಒಂದು ಪುಸ್ತಕದಲ್ಲಿ ಬರೆಸಿದರೆ 'ಆನ್‌ಲೈನ್‌ನಲ್ಲಿ ಕಲಿಯುತ್ತಿದ್ದಾಳೆ' ಎಂಬ ಮಾತಿನ ಸತ್ಯಾಸತ್ಯತೆ ಆರು ತಿಂಗಳಲ್ಲಿ ಹೊರಬೀಳುತ್ತದೆ. ಮದುವೆ ಮಾತುಕತೆಗೆ ಬಂದವರ ಎದುರು ಹುಡುಗಿಯ ಚಿನ್ನದ ಲೆಕ್ಕ ಹೇಳುವ ಹಿರಿಯರು ಅವಳ ಪರೀಕ್ಷೆಯ ದಿನಾಂಕವನ್ನೂ ಹೇಳಲಿ. ಆ ದಿನಾಂಕ ಕಳೆಯುವವರೆಗೆ ನಿಕಾಹ್‌ನ ದಿನ ಗೊತ್ತುಪಡಿಸದಿರಲಿ.

ತಾಯಂದಿರಲ್ಲಿಯೂ ನಮ್ಮದೊಂದು ವಿನಂತಿಯಿದೆ. ನಿಮ್ಮ ಕಾಲದಲ್ಲಿ ಈ ಬಾಗಿಲು ಎಷ್ಟೋ ಊರುಗಳಿಗೆ ತಲುಪಿರಲಿಲ್ಲ. ಮಗಳು ಪುಸ್ತಕ ಹಿಡಿದು ಕುಳಿತಾಗ ಅಡುಗೆಮನೆಯ ಕರೆಯನ್ನು ಎರಡು ಗಂಟೆ ತಡೆದುಹಿಡಿಯಬಲ್ಲವರು ನೀವೇ. ಸಾಧ್ಯವಾದರೆ ಅವಳ ಪಕ್ಕದಲ್ಲಿ ನೀವೂ ಪುಸ್ತಕ ಹಿಡಿದು ಕುಳಿತುಕೊಳ್ಳಿ. ಮುಕ್ತ ಶಾಲೆಗೆ ಸೇರಲು ವಯಸ್ಸಿನ ಮೇಲ್ಮಿತಿಯಿಲ್ಲ.

'ಓದು' ಎಂಬ ಆಜ್ಞೆಯಿಂದ ಆರಂಭವಾದ ದಿವ್ಯಬೋಧನೆಯನ್ನು ನಂಬುವವರು ನಾವು. ಆ ಆಜ್ಞೆಯ ಜೊತೆಗೆ ಗಂಡು, ಹೆಣ್ಣು ಎಂಬ ಷರತ್ತು ಇರಲಿಲ್ಲ. ಮಕ್ಕಳು ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್. ನಾಳೆ ಆ ಅಮಾನತ್‌ನ ಬಗ್ಗೆ ನಮ್ಮನ್ನು ವಿಚಾರಿಸುವಾಗ, 'ಅವಳು ಆನ್‌ಲೈನ್‌ನಲ್ಲಿ ಕಲಿಯುತ್ತಿದ್ದಳು' ಎಂಬ ಉತ್ತರ ಸಾಕಾದೀತೇ? ಅಲ್ಲಿ ಮರುಪ್ರಶ್ನೆ ಕೇಳದೆ ಬಿಡುವ ನೆರೆಮನೆಯವರು ಇರುವುದಿಲ್ಲ.